ವಿಸಿಟರ್ ಪಾಸ್

ಪಣಂಬೂರಿನ ಜೆಟ್ಟಿಯಲ್ಲಿ, ಹಡಗಿನ ಏಣಿಯ ಬುಡದಲ್ಲಿ,
ಕಿಸೆ ತಡವಿ ಸ್ಕ್ರೂಡ್ರೈವರ್ ತೆಗೆದಿಟ್ಟುಕೊಂಡರು.
ಅವಳ ಅಮ್ಮ ಕೊಟ್ಟ ಪುಳಿಮುಂಚಿಯ ಡಬ್ಬವನ್ನೂ.
ಡಬ್ಬ ಸರಿ. ಸ್ಕ್ರೂಡ್ರೈವರ್ ನಾನು ಬೇಕೆಂದು ತಂದದ್ದಲ್ಲ;
ನಲವತ್ತು ವರ್ಷ ದಕ್ಕೆಯಲ್ಲಿ ಬೋಟಿನ ಇಂಜಿನ್ ಬಿಚ್ಚಿದವನ
ಅಂಗಿಗೆ ಅದೂ ಒಂದು ಗುಂಡಿ.

ಮೇಲಿನದನ್ನು ದುಡ್ಡು ಕೊಟ್ಟವರು ನೋಡುತ್ತಾರೆ ಅಪ್ಪಾ,
ನಿಮಗೆ ಕೆಳಗಿನದು ತೋರಿಸುತ್ತೇನೆ, ಎಂದಳು ನಿಶ್ಮಿತಾ,
ನನ್ನ ಎರಡನೆಯವಳು, ಈ ಹಡಗಿನ ನಾಲ್ಕನೇ ಇಂಜಿನಿಯರ್,
ಎಂಟೇ ಗಂಟೆಗೆ ಊರಿಗೆ ಬಂದವಳು.
ಮೈಮೇಲೆ ಬಿಳಿ ಬಾಯ್ಲರ್ ಸೂಟು.
ಅಷ್ಟು ಬಿಳಿ ನಾನು ಮದುವೆಯ ದಿನವೂ ತೊಟ್ಟವನಲ್ಲ.

ಚಿನ್ನದ ಬಣ್ಣದ ಗೋಡೆಯಲ್ಲಿ ಒಂದು ಬಾಗಿಲು, ಗೋಡೆಯ ಹಾಗೇ.
ತಳ್ಳಿದಳು. ಕಾರ್ಪೆಟ್ಟು ಅಲ್ಲಿಗೆ ಮುಗಿಯಿತು.
ಹಸಿರು ಪೇಂಟಿನ ಕಬ್ಬಿಣದ ನೆಲ, ತಲೆಗೆ ತಾಗುವ ಪೈಪು,
ಟ್ರಾಲಿ ನೂಕುವ ಜನ, ಒಬ್ಬರಿಗೂ ಪುರುಸೊತ್ತಿಲ್ಲ.
ಬಂದರಿನ ಬೆಳಗಿನ ಐದು ಗಂಟೆಯೇ ಇದು,
ಬೊಬ್ಬೆ ಒಂದು ಬಿಟ್ಟು, ನಾತ ಒಂದು ಬಿಟ್ಟು.
ನನಗೆ ಆಗ ಸಮಾಧಾನವಾಯಿತು.

ಅಡುಗೆಮನೆಯಲ್ಲಿ ಮೊಟ್ಟೆ ಒಡೆಯುವವನು ಮೊಟ್ಟೆ ಮಾತ್ರ ಒಡೆಯುತ್ತಾನೆ.
ಕಲ್ಲಂಗಡಿಯಲ್ಲಿ ಹಂಸ ಕೊರೆಯುತ್ತಿದ್ದ ಫಿಲಿಪೀನ್ಸಿನ ಹುಡುಗ
ಕೊರಳು ಬಂದಾಗ ಉಸಿರು ಹಿಡಿದು ನಿಂತ.
ಬಟ್ಟೆ ಒಗೆಯುವಲ್ಲಿ ಕುಲಶೇಖರದ ಸಿಪ್ರಿಯನ್ ಸಿಕ್ಕಿದ.
"ಬಿಸಿಲುಂಟಾ ಹೊರಗೆ?" ಎಂದು ಕೇಳಿದ.
ಊರು ಬಂದದ್ದು ಅವನಿಗೆ ಗೊತ್ತಿತ್ತು. ನೋಡಿರಲಿಲ್ಲ.

ಇಂಜಿನಿನ ಹತ್ತಿರ ಬಿಡಲಿಲ್ಲ. ರೂಲು.
ದಪ್ಪ ಗಾಜಿನ ಈಚೆ ಎಸಿ, ಪರದೆಗಳು, ಪರದೆಯಲ್ಲಿ ಹಸಿರು ಗೆರೆ.
ಕೆಟ್ಟರೆ ಹೇಗೆ ಗೊತ್ತಾಗುತ್ತದೆ?
ಕೆಂಪಾಗುತ್ತದೆ ಅಪ್ಪಾ.
ಅದಕ್ಕೆ ಮೊದಲು?
ಹಳದಿ.
ಅದಕ್ಕೂ ಮೊದಲು?
ನಕ್ಕಳು. ಏಳು ವರ್ಷದವಳ ಕಿವಿಗೆ ಸ್ಕ್ರೂಡ್ರೈವರಿನ ಹಿಡಿ,
ತುದಿ ಇಂಜಿನಿಗೆ ಇಟ್ಟು, ಕೇಳು, ಬೇರಿಂಗು ಮಾತಾಡುತ್ತದೆ
ಎಂದವನು ನಾನೇ.

ಆಮೇಲೆ ತಣ್ಣನೆಯ ಕೋಣೆಗಳು. ಒಂದರಲ್ಲಿ ಹಾಲು, ಒಂದರಲ್ಲಿ ಹೂ,
ಒಂದರಲ್ಲಿ ನಾರ್ವೆಯ ಮೀನು. ತಗಡಿನ ಆಚೆ
ನಮ್ಮ ಕಡಲು, ಅದರ ತುಂಬ ಬಂಗುಡೆ.
ಕೊನೆಯ ಬಾಗಿಲಿಗೆ ಬೋರ್ಡಿಲ್ಲ. ಅವಳು ದಾಟಿದಳು, ನಾನು ನಿಂತೆ.
"ಎಂಥ ಉಂಟು ಇದರಲ್ಲಿ?"
ಸ್ವಲ್ಪ ತಡೆದು ತೆರೆದಳು.
ಸ್ಟೀಲಿನ ಮೂರು ಹಲಗೆ. ಖಾಲಿ.
"ವಯಸ್ಸಾದವರು ಬರುತ್ತಾರಲ್ಲ ಅಪ್ಪಾ. ದಾರಿಯಲ್ಲಿ ಯಾರಾದರೂ...
ಮುಂದಿನ ಬಂದರಿನ ತನಕ, ಅಷ್ಟೆ."

ಹಲಗೆ ಮುಟ್ಟಿದೆ. ನೀರಿಲ್ಲ, ಹುರುಪೆ ಇಲ್ಲ.
ನನಗೆ ಹತ್ತೊಂಬತ್ತು. ರತ್ನಗಿರಿಯ ಆಚೆ, ಮೂರನೇ ರಾತ್ರಿ,
ವಿಂಚಿನ ರೋಪು ಸೆಳೆದುಕೊಂಡ ವಾಮನಣ್ಣನನ್ನು
ಐಸಿನಲ್ಲಿಟ್ಟು ತಂದೆವು.
ಐಸು ಇದ್ದದ್ದು ಮೀನಿನ ಕೋಣೆಯಲ್ಲಿ.
ನಡುವೆ ಗೋಣಿ ಹಾಸಿದೆವು. ಎರಡು ಗೋಣಿ.
ದಕ್ಕೆಯಲ್ಲಿ ಮೊದಲು ಅವನನ್ನು ಇಳಿಸಿದೆವು. ಎಲ್ಲರೂ ಅತ್ತೆವು.
ಆಮೇಲೆ ಬುಟ್ಟಿ ಇಳಿಸಿದೆವು.
ಅಂದು ಅಂಜಲಿಗೆ ಒಳ್ಳೆಯ ರೇಟಿತ್ತು. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.
ನನ್ನ ಪಾಲು ನಾನು ಎರಡು ಸಲ ಎಣಿಸಿಕೊಂಡೆ.
ಮತ್ತೆ ಕಡಲಿಗೆ ಹೋಗದೆ ದಕ್ಕೆಯಲ್ಲೇ ಇಂಜಿನಿನ ಮುಂದೆ ಕೂತೆ;
ಮನೆಯಲ್ಲಿ ಸೊಂಟನೋವು ಎಂದಿದ್ದೇನೆ, ಇವತ್ತಿನ ತನಕ.

"ಚಳಿಯಾಯಿತಾ?" ಎಂದಳು.
ಹೂಂ ಎಂದೆ.
ಬಾಗಿಲು ಮುಚ್ಚಿ, ಅದರ ರಬ್ಬರು ಸರಿ ಕೂತಿತೇ ಎಂದು
ಇಬ್ಬರೂ ಒಟ್ಟಿಗೇ ಬೆರಳಾಡಿಸಿದೆವು,
ಅವಳು ಆ ಕಡೆಯಿಂದ, ನಾನು ಈ ಕಡೆಯಿಂದ.

ನಾಲ್ಕಕ್ಕೆ ಅವಳ ಡ್ಯೂಟಿ. ಪಾಸು ಕೊಟ್ಟೆ,
ಡಬ್ಬ ಸಿಕ್ಕಿತು, ಸ್ಕ್ರೂಡ್ರೈವರ್ ಸಿಕ್ಕಿತು.
ಹೋಗಬೇಕಿತ್ತು. ಹೋಗಲಿಲ್ಲ.
ಏಣಿಯ ಕೊನೆಯ ಮೆಟ್ಟಿಲ ಕಬ್ಬಿಣಕ್ಕೆ ತುದಿ ಒತ್ತಿ
ಬಗ್ಗಿ ಹಿಡಿಗೆ ಕಿವಿಯಿಟ್ಟೆ.
ಬಂದೂಕಿನವನು ಹಿಂದಿಯಲ್ಲಿ ಏನೋ ಗದರಿದ.
ನಾನು ಒಂದು ಕೈ ಎತ್ತಿದೆ:
ಸ್ವಲ್ಪ ನಿಲ್ಲು ಮಾರಾಯ,
ಮಗಳು ಕೆಲಸ ಸುರು ಮಾಡಿದ್ದಾಳೆ.